ಕೇಳಿಸದ ಮಗ

ದೋಣಿಯ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿಯಿಟ್ಟರೆ ಸಾಕು, ಅಡಿಯಲ್ಲಿ ಮೀನಿನ ಹಿಂಡಿದೆಯೇ ಎಂದು ಕುಂದಾಪುರ ಕೋಡಿಯ ಬಚ್ಚ ಹೇಳಿಬಿಡುತ್ತಾನೆ. ಅವನ ಮಗ ಸಚಿನ ನೌಕಾಪಡೆಯಲ್ಲಿ, ಅಣುಶಕ್ತಿಯಿಂದ ಓಡುವ ಸಬ್‌ಮರೀನಿನ ಯಂತ್ರ ನೋಡಿಕೊಳ್ಳುತ್ತಾನೆ. ತಿಂಗಳುಗಟ್ಟಲೆ ನೀರಿನಡಿಯೇ ವಾಸ. ಯಾವ ಕಡಲೆಂದು ಹೆತ್ತವರಿಗೂ ಹೇಳುವಂತಿಲ್ಲ. "ನಮ್ಮ ಸದ್ದ್ ಹೊರ್ಗೆ ಕೇಂಬುಕಾಗ ಅಪ್ಪಯ್ಯ, ಸದ್ದ್ ಆಗ್ದಂಗ್ ನೋಡ್ಕಂಬುದೇ ನನ್ ಕೆಲ್ಸ" ಎಂದಷ್ಟೇ ರಜೆಯಲ್ಲಿ ಬಂದಾಗ ಹೇಳಿದ್ದ.

ಅಂದಿನಿಂದ ಬಚ್ಚ ಬಲೆ ತುಂಬಿದ ಮೇಲೂ ಹುಟ್ಟಿಗೆ ಕಿವಿಗೊಟ್ಟು ಕೂರುತ್ತಾನೆ. ಹಸಿರು ಕತ್ತಲಲ್ಲಿ ದೊಡ್ಡ ಮೀನೊಂದು ಮಗನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆಲ್ಲಗೆ ಈಜುವುದು ಕಣ್ಣಿಗೆ ಕಟ್ಟುತ್ತದೆ.

ದಡಕ್ಕೆ ಬಂದರೆ ಹೆಂಡತಿ ಸುಗುಣಳದ್ದು ದಿನವೂ ಅದೇ ಪ್ರಶ್ನೆ: "ಹ್ವಾಯ್, ಎಂತಾರೂ ಸದ್ದ್ ಇತ್ತಾ?"

"ಎಂತದೂ ಇಲ್ಲ," ಬಚ್ಚ ಮೀಸೆಯಡಿ ನಗುತ್ತಾನೆ. "ಮಗ ಕೆಲ್ಸ ಲಾಯ್ಕ್ ಮಾಡ್ತಾ ಇದ್ದ."