ಶುಕ್ರವಾರದ ರಸ್ತೆಗಳು

ರಫೀಕ್, ಆ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ನಾನು ಬಾಯಿ ಬಿಡಲಿಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ಮಾತಾಡಿ, ಕೊನೆಗೆ ನಿನ್ನ ಮಕ್ಕಳ ಆರೋಗ್ಯ ವಿಚಾರಿಸಿ ಮುಗಿಸಿಬಿಡುವ ಜಾತಿ ನನ್ನದು.

ನಿನ್ನನ್ನು ಬಹರೈನಿಗೆ ಕರೆಸಿದವನು ನಾನೇ. ಅದ್ಲಿಯಾದಲ್ಲಿದ್ದ ನಮ್ಮ ರಸ್ತೆ ಯೋಜನೆಯ ಆಫೀಸಿನ ಮ್ಯಾನೇಜರನ — ನಾವೆಲ್ಲ ಮುದೀರ್ ಅನ್ನುತ್ತಿದ್ದೆವಲ್ಲ, ಅವನ — ಹಿಂದೆ ಬಿದ್ದು ವೀಸಾ ತೆಗೆಸಿದೆ. ಮೊದಲ ತಿಂಗಳು ನೀನು ಉಂಡದ್ದು ನಮ್ಮ ಮನೆಯಲ್ಲೇ. ಉಪಕಾರ ಮಾಡಿದವನಿಗೆ ಒಂದು ರೋಗ ಬರುತ್ತದೆ ನೋಡು — ಉಪಕಾರ ಪಡೆದವನು ತನಗಿಂತ ಒಂದು ಮೆಟ್ಟಿಲು ಕೆಳಗೇ ಇರಬೇಕು ಅನ್ನುವ ರೋಗ. ನೀನು ಹಾಗೆ ಕೆಳಗೆ ಇರಲಿಲ್ಲ. ವರ್ಷ ತುಂಬುವುದರೊಳಗೆ ಆಫೀಸಿನಲ್ಲಿ ಎಲ್ಲದಕ್ಕೂ ರಫೀಕ್, ರಫೀಕ್. ನಾನು ವಾರಗಟ್ಟಲೆ ಕೈಯಲ್ಲಿ ಹಾಕುತ್ತಿದ್ದ ಲೆಕ್ಕವನ್ನು ನೀನು ಕಂಪ್ಯೂಟರಿಗೆ ಕೊಟ್ಟು, ಚಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿಯೂ, "ರಫೀಕನನ್ನು ನೋಡಿ ಮಾರಾಯ್ರೆ, ಎಷ್ಟು ಚುರುಕು!" ಅಂದಳು. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದೆ. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಚಂದದ ಹೆಸರು ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ಆಗಲೇ ಬಂದದ್ದು ಆ ಅಣುವಿದ್ಯುತ್ ಸ್ಥಾವರದ ಕೆಲಸ. ಸ್ಥಾವರ ಇದ್ದದ್ದು ಯುರೋಪಿನಲ್ಲಿ. ಅಲ್ಲಿ ಅವಘಡವಾದರೆ ಸುತ್ತಲಿನ ಊರವರನ್ನು ಯಾವ ರಸ್ತೆಯಲ್ಲಿ, ಹೇಗೆ ಹೊರಗೆ ಸಾಗಿಸಬೇಕು ಅನ್ನುವ ಯೋಜನೆ. ಕಂಪನಿಯ ದೊಡ್ಡ ಆಫೀಸು ಲೆಕ್ಕದ ಭಾಗವನ್ನು ಅಗ್ಗದಲ್ಲಿ ಆಗಲಿ ಅಂತ ನಮ್ಮ ಕಡೆ ತಳ್ಳಿತ್ತು. ಅಂಥ ಕೆಲಸಕ್ಕೆ ನಾನು ಎಷ್ಟು ವರ್ಷದಿಂದ ಕಾದಿದ್ದೆ! ಮುದೀರ್ ಕೊಟ್ಟದ್ದು ನಿನಗೆ. ನನ್ನ ಭುಜ ತಟ್ಟಿ, ಸ್ವಲ್ಪ ಸಹಾಯ ಮಾಡು ಅಂದ.

ವರದಿ ಒಪ್ಪಿಸುವ ಹಿಂದಿನ ದಿನ ನೀನು ಅದನ್ನು ನನ್ನ ಮೇಜಿಗೆ ತಂದೆ. "ಒಮ್ಮೆ ನೋಡಿ ಸದಾಶಿವಣ್ಣ, ನೀವು ನೋಡಿದ್ರೆ ನಂಗೆ ಧೈರ್ಯ," ಅಂದೆ. ನೋಡಿದೆ. ಪ್ರೀತಿಯಿಂದ ನೋಡಿದ್ದರೆ ಬಹುಶಃ ಕಾಣುತ್ತಿರಲಿಲ್ಲ — ಎಲ್ಲಾದರೂ ಎಡವಿದ್ದಾನಾ ಅಂತ ಹುಡುಕುವ ಕಣ್ಣಿಗೆ ಕಂಡಿತು. ರಜಾದಿನದ ಲೆಕ್ಕವನ್ನು ನೀನು ಶುಕ್ರವಾರಕ್ಕೆ ಹಾಕಿದ್ದೆ. ನಿನ್ನ ಲೆಕ್ಕದಲ್ಲಿ ಶನಿವಾರ, ಭಾನುವಾರ ಕೆಲಸದ ದಿನ!

ಬಹರೈನಿನಲ್ಲಿ ಇದ್ದವರು ಮಾತ್ರ ಮಾಡುವ ತಪ್ಪು ಅದು. ಅಲ್ಲಿ ವಾರದ ರಜೆ ಶುಕ್ರವಾರ, ನಮಗೆಲ್ಲ ಅದೇ ಭಾನುವಾರವಾಗಿ ಹೋಗಿತ್ತಲ್ಲ. ನನ್ನ ಹೆಂಡತಿಯೇ ಶುಕ್ರವಾರ ಊರಿಗೆ ಫೋನ್ ಮಾಡಿ, "ತಮ್ಮ ಆಫೀಸಿಗೆ ಹೋದನಾ? ಇವತ್ತು ರಜೆ ಇಲ್ವಾ?" ಅಂತ ಕೇಳುತ್ತಿದ್ದಳು. ಆದರೆ ಆ ದೇಶದಲ್ಲಿ ಶುಕ್ರವಾರ ಶಾಲೆಗಳು ತುಂಬಿರುತ್ತವೆ. ಅವಘಡ ಅಂತ ಕಿವಿಗೆ ಬಿದ್ದರೆ ಅಪ್ಪ ಅಮ್ಮಂದಿರು ಓಡುವುದು ಹೊರಗಲ್ಲ — ಒಳಗೆ, ಸ್ಥಾವರದ ಕಡೆಗೇ, ಮಕ್ಕಳನ್ನು ಕರೆತರಲು. ನಿನ್ನ ಯೋಜನೆಯಲ್ಲಿ ಶುಕ್ರವಾರ ಶಾಲೆಗೆ ರಜೆ, ಹಾಗಾಗಿ ಅಂದು ರಸ್ತೆಯ ಎರಡೂ ಬದಿ ಹೊರಗೆ ಹೋಗುವವರಿಗೇ. ಶಾಲೆಗಳಿಗೆ ಒಂದು ಬಸ್ಸೂ ಇಲ್ಲ. ಇದೆಲ್ಲ ನನಗೆ ಕೂತಲ್ಲೇ ಹೊಳೆಯಿತು. ಬೆರಳಿಟ್ಟು ತೋರಿಸಿದ್ದರೆ ನೀನು ಸಂಜೆಯೊಳಗೆ ತಿದ್ದುತ್ತಿದ್ದೆ.

"ಎಲ್ಲ ಸರಿ ಉಂಟು ಮಾರಾಯ, ಕೊಟ್ಟುಬಿಡು," ಅಂದೆ.

ದೊಡ್ಡ ಆಫೀಸಿನಲ್ಲಿ ಅಲ್ಲಿಯವರು ಹೇಗೂ ತಪ್ಪು ಹಿಡಿಯುತ್ತಾರೆ ಅಂದುಕೊಂಡೆ. ಹಿಡಿಯದಿದ್ದರೆ — ಆ ಮಕ್ಕಳು... ಅದನ್ನು ಯೋಚಿಸಲು ನನಗೆ ಮನಸ್ಸಿರಲಿಲ್ಲ. ನನಗೆ ಬೇಕಾಗಿದ್ದದ್ದು ನಿನ್ನ ಮುಖ ಸಣ್ಣದಾಗುವುದು, ಅಷ್ಟೇ.

ಅಲ್ಲಿಯವರು ಹಿಡಿದರು. ಮುದೀರ್ ನಮ್ಮಿಬ್ಬರನ್ನೂ ಕೋಣೆಗೆ ಕರೆದು, ಇದನ್ನು ನೀನು ನೋಡಿದ್ದೆಯಾ ಅಂತ ನನ್ನನ್ನು ಕೇಳಿದ. "ನನಗೆ ತೋರಿಸಲೇ ಇಲ್ಲ," ಅಂದೆ. ನೀನು ಒಮ್ಮೆ ನನ್ನ ಕಡೆ ತಿರುಗಿ ನೋಡಿದೆ. ಆಮೇಲೆ ತಲೆ ತಗ್ಗಿಸಿ, ತಪ್ಪು ನನ್ನದೇ ಸರ್ ಅಂದೆ. ಕೆಲಸ ಹೋಯಿತು, ವೀಸಾ ರದ್ದಾಯಿತು. ಊರಿನಿಂದ ನಿನ್ನ ಹೆಂಡತಿ ಬರುತ್ತಾಳೆ ಅಂತ ಸಲ್ಮಾನಿಯಾದಲ್ಲಿ ಮನೆ ಹಿಡಿದು, ಫ್ರಿಜ್ ತಂದಿಟ್ಟಿದ್ದೆ ನೀನು. ಅವಳು ಆ ಮನೆ ನೋಡಲೇ ಇಲ್ಲ. ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ತಿದ್ದಿದೆ, ಶಾಭಾಸ್ ಅನ್ನಿಸಿಕೊಂಡೆ. ಅಂದು ಸಂಜೆ ನನಗೆ ಸಂಕಟವಾಯಿತು ಅಂತ ಬರೆಯಲು ಕೈ ಹೋಗುತ್ತದೆ. ಸುಳ್ಳು. ಅಂದು ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ನಿನ್ನನ್ನು ಬಿಡಲು ಬಂದವನೂ ನಾನೇ. ನೀನು ನನ್ನ ಕೈ ಹಿಡಿದು, "ಬೇಜಾರು ಮಾಡ್ಬೇಡಿ ಅಣ್ಣ. ನಿಮಗೂ ಅದು ಕಾಣ್ಲಿಲ್ಲ, ಹೆದರಿ ಹಾಗೆ ಹೇಳಿದ್ರಿ. ನಿಮಗೆ ಸಂಸಾರ ಉಂಟಲ್ಲ," ಅಂದೆ. ಅಯ್ಯೋ ರಫೀಕ್, ನೀನು ಕ್ಷಮಿಸಿದ್ದು ನನ್ನ ಸಣ್ಣ ತಪ್ಪನ್ನು. ದೊಡ್ಡದು ನಿನಗೆ ಗೊತ್ತೇ ಇರಲಿಲ್ಲ.

ಈಗ ಉಳ್ಳಾಲದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದೀಯ. ನಾನು ಬಂದಾಗಲೆಲ್ಲ ಮಕ್ಕಳಿಗೆ, "ನನ್ನನ್ನು ಗಲ್ಫಿಗೆ ಕರೆಸಿದ್ದು ಇವರೇ," ಅಂತ ತೋರಿಸುತ್ತೀಯ. ಬರುವ ವಾರ ಮಗಳ ಮದುವೆ. ನೀವು ನಮ್ಮ ಮನೆಯವರ ಜೊತೆಗೇ ನಿಲ್ಲಬೇಕು ಅಂದಿದ್ದೀಯ. ಹಾಗೆ ನಿಲ್ಲುವ ಮೊದಲು ಇದು ನಿನಗೆ ಗೊತ್ತಿರಬೇಕು. ಓದಿದ ಮೇಲೂ ಬಾ ಅಂದರೆ ಬರುತ್ತೇನೆ, ಎಲ್ಲಿ ಕೂರಿಸುತ್ತೀಯೋ ಅಲ್ಲಿ ಕೂರುತ್ತೇನೆ. ಬರಬೇಡ ಅಂದರೆ — ಯಾಕೆ ಅಂತ ನಾನು ಕೇಳುವುದಿಲ್ಲ.