ಉಪವಾಸದ ದಿನ ರೊಟ್ಟಿ ತಿಂದವನು

ಬುಖಾರಾದ ಯಹೂದಿ ಮೊಹಲ್ಲಾದಲ್ಲಿ ಕ್ಷೌರಿಕ ಹಿಜ್ಕಿಯಾ ಎರಡು ವಿಷಯಕ್ಕೆ ಹೆಸರಾಗಿದ್ದ. ಒಂದು, ಕತ್ತರಿ ಹಿಡಿದವನಿಗೆ ಇರಬೇಕಾದ ನಾಲಿಗೆ ಅವನಿಗಿರಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತವರು ಊರವರ ಮಾನವನ್ನೆಲ್ಲ ಹರಾಜು ಹಾಕುತ್ತಿದ್ದರೂ ಅವನು ತುಟಿ ಬಿಚ್ಚುತ್ತಿರಲಿಲ್ಲ. ಎರಡು, ಕಿಪ್ಪೂರಿನ ದಿನ ಅವನು ರೊಟ್ಟಿ ತಿನ್ನುತ್ತಿದ್ದ.

ಕಿಪ್ಪೂರ್ ಎಂದರೆ ವರ್ಷದ ಪಾಪವನ್ನೆಲ್ಲ ದೇವರ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುವ ದಿನ. ಸೋವಿಯತ್ ಕಾಲದಲ್ಲಿ ಪಾರ್ಟಿಯ ಕಾರ್ಡನ್ನು ಎದೆಗೆ ಒತ್ತಿಕೊಂಡು ಓಡಾಡಿದ ನಾಸ್ತಿಕರೂ ಆ ಒಂದು ದಿನ ಹನಿ ನೀರು ಮುಟ್ಟುತ್ತಿರಲಿಲ್ಲ. ಹಿಜ್ಕಿಯಾ ಮಾತ್ರ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಮನೆಗೆ ಹೋಗುತ್ತಿದ್ದ, ನಿಂತಲ್ಲೇ ಒಂದು ಚೂರು ರೊಟ್ಟಿ ಮುರಿದು ತಿನ್ನುತ್ತಿದ್ದ, ಬಾಯಿ ಒರೆಸಿಕೊಂಡು ಬಂದು ತನ್ನ ಜಾಗದಲ್ಲಿ ಕೂರುತ್ತಿದ್ದ. ಅವನ ಹೆಂಡತಿ, ಪುಣ್ಯಾತ್ಗಿತ್ತಿ, ಬದುಕಿದ್ದಷ್ಟು ದಿನ ಆ ಚೂರಿಗಾಗಿ ಅತ್ತಳು. ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿದರೆ ಅವನು ಗೋಡೆ ನೋಡುತ್ತಿದ್ದ.

"ಬಂದ್ಯಾ ಹಿಜ್ಕಿಯಾ? ಊಟ ಆಯ್ತಾ? ಉಪ್ಪು ಸರಿಯಾಗಿತ್ತಾ?" ಎಂದು ಮಾಂಸದಂಗಡಿಯ ನೇರ್ಯಾ ಪ್ರತಿ ವರ್ಷವೂ ತಪ್ಪದೆ ಕೇಳುತ್ತಿದ್ದ. ಪಾಪ ತೊಳೆಯುವ ದಿನವೂ ನೇರ್ಯಾನ ನಾಲಿಗೆಗೆ ರಜೆ ಇರಲಿಲ್ಲ.

ಆದರೂ ಯಾರೂ ಹಿಜ್ಕಿಯಾನನ್ನು ಹೊರಗೆ ಹಾಕಲಿಲ್ಲ. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಮೊಹಲ್ಲಾ ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿತ್ತು. ಪಾಪಿಯನ್ನೂ ಹತ್ತರಲ್ಲಿ ಎಣಿಸಬಹುದು ಎಂದು ಹಿಂದಿನವರು ದೊಡ್ಡ ಮನಸ್ಸು ಮಾಡಿ ಹೇಳಿ ಹೋಗಿದ್ದರು.

ಆ ರೊಟ್ಟಿಯ ಕಥೆ ಅವನ ಒಂಬತ್ತನೆಯ ವಯಸ್ಸಿನದು. ಆಗ ಮುಲ್ಲೊ ಓವಾದ್ಯಾ ಎಂಬ ಮೇಷ್ಟ್ರಿದ್ದರು. ನಮ್ಮಲ್ಲಿ ಓದಿದ ಯಹೂದಿಯನ್ನೂ ಮುಲ್ಲೊ ಎಂದೇ ಕರೆಯುವುದು. ಹಗಲು ರೇಷ್ಮೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಅದ್ದುವ ಕೆಲಸ, ಸಂಜೆ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಐದಾರು ಮಕ್ಕಳಿಗೆ ದೇವರ ಗ್ರಂಥದ ಅಕ್ಷರ ಕಲಿಸುವ ಕೆಲಸ. ಎರಡನೆಯದು ಸೋವಿಯತ್ ಸರ್ಕಾರಕ್ಕೆ ಗೊತ್ತಾದರೆ ಜೈಲು. ಆ ವರ್ಷ ಕಿಪ್ಪೂರಿನ ಹಿಂದಿನ ದಿನ, ನೀಲಿ ಹತ್ತಿದ ಬೆರಳೆತ್ತಿ ಅವರು ಮಕ್ಕಳಿಗೆ ಹೇಳಿದ್ದರು:

"ನೋಡಿ ಮಕ್ಳಾ, ನಾಳೆ ಸ್ಕೂಲಲ್ಲಿ ತಿನ್ನೋಕೆ ಏನಾದ್ರೂ ಕೊಟ್ರೆ ತಿನ್ಬಿಡಿ. ಉಪವಾಸ ದೊಡ್ಡವರಿಗೆ, ನಿಮಗಲ್ಲ. ಕೊಟ್ರೆ ತಿನ್ನಬೇಕು. ಎಲ್ಲಿ, ಮಾತು ಕೊಡಿ ನೋಡೋಣ."

ಎಲ್ಲರೂ ಮಾತು ಕೊಟ್ಟರು. ಹಿಜ್ಕಿಯಾನೂ ಕೊಟ್ಟ.

ಮಾರನೆಯ ದಿನ ಯಹೂದಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಡ್‌ಮಾಸ್ಟರ ಕೋಣೆಗೆ ಕರೆದರು. ಮೇಜಿನ ಮೇಲೆ ಬೆಣ್ಣೆ ಸವರಿದ ರೊಟ್ಟಿ. ಕಿಟಕಿಯ ಪಕ್ಕ ಗುರುತಿಲ್ಲದ ಒಬ್ಬ ಮನುಷ್ಯ. ಉಳಿದ ಮಕ್ಕಳು ತಿಂದು ಬಾಯಿ ಚಪ್ಪರಿಸಿಕೊಂಡು ಹೋಗಿದ್ದರು. ಹಿಜ್ಕಿಯಾನಿಗೆ ಅಪ್ಪ, ಅಜ್ಜ ಎಲ್ಲ ಹಸಿದು ಕೂತಿರುವಾಗ ತಾನು ತಿನ್ನುವುದು ನಾಚಿಕೆ ಅನ್ನಿಸಿತು. ಹುಡುಗನ ಜಂಬ, ಇನ್ನೇನು!

"ನಾನು ಇವತ್ತು ತಿನ್ನಲ್ಲ," ಎಂದ.

"ಭೇಷ್," ಎಂದ ಕಿಟಕಿಯ ಪಕ್ಕದವನು, ನಗುತ್ತ. "ಎಷ್ಟು ಗಟ್ಟಿ ಹುಡುಗ! ಇಷ್ಟು ಚೆನ್ನಾಗಿ ಯಾರಪ್ಪ ಹೇಳಿಕೊಟ್ಟಿದ್ದು?"

ಹೊಗಳಿಕೆಗೆ ಹುಡುಗ ಉಬ್ಬಿಹೋದ. ಮೇಷ್ಟ್ರ ಹೆಸರು ಹೇಳಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟನೆಯ ದಿನ ಮುಲ್ಲೊ ಓವಾದ್ಯಾ ಅವರನ್ನು ಕೆಲಸದ ಬಟ್ಟೆಯಲ್ಲೇ ಕರೆದೊಯ್ದರು. ಮೂರನೆಯ ವರ್ಷ ಒಂದು ಕಾಗದ ಬಂತು, ಸತ್ತರು ಎಂದು. ಎಲ್ಲಿ ಹೂತರು ಎಂದು ಅದರಲ್ಲಿ ಬರೆದಿರಲಿಲ್ಲ.

ಹಿಜ್ಕಿಯಾನ ಮೇಲೆ ಯಾರೂ ಸಂಶಯಪಡಲಿಲ್ಲ. ಮೊಹಲ್ಲಾ ಬೇರೊಬ್ಬರನ್ನು ಆರಿಸಿಕೊಂಡಿತ್ತು. ಮುಲ್ಲೊ ಅವರ ಏಳು ವರ್ಷದ ಮಗಳು ಬುಲೋರ್, ಮೊಹಲ್ಲಾದ ಕೊಳದ ಮೆಟ್ಟಿಲ ಮೇಲೆ ಕೂತು, ಅಪ್ಪನ ಪಾಠ ಕದ್ದು ಕೇಳಿ ಕಲಿತ ಅಕ್ಷರಗಳನ್ನು ರಾಗವಾಗಿ ಹಾಡಿಕೊಳ್ಳುತ್ತಿದ್ದಳು. ಅದು ಯಾರದೋ ಕಿವಿಗೆ ಬಿತ್ತು ಎಂದು ಹೆಂಗಸರು ತೀರ್ಮಾನಿಸಿದರು. "ಈ ನಾಲಿಗೆಯೇ ಮನೆ ನುಂಗಿತು," ಎಂದಳು ಹೆತ್ತ ತಾಯಿಯೇ. ಸಾಯುವವರೆಗೂ ಮಗಳ ಕೈಯ ನೀರನ್ನು ಮುಖ ನೋಡಿ ಕುಡಿಯಲಿಲ್ಲ ಆ ತಾಯಿ. ಹೆಂಗಸರ ಆ ತೀರ್ಮಾನವನ್ನು ಹಿಜ್ಕಿಯಾ ತನ್ನ ಅಮ್ಮನ ಅಡುಗೆಮನೆಯಲ್ಲಿ ಕೇಳಿದ. ಸದ್ಯ, ಬದುಕಿದೆ ಎಂದುಕೊಂಡ.

ಆಮೇಲೆ ಅವನು ಪ್ರತಿ ಕಿಪ್ಪೂರಿಗೂ ರೊಟ್ಟಿ ತಿಂದ. ಕೊಟ್ಟರೆ ತಿನ್ನಿ ಎಂದು ಮೇಷ್ಟ್ರು ಹೇಳಿದ್ದನ್ನು ಅವರು ಸತ್ತ ಮೇಲೆ ಪಾಲಿಸಿದ. ಬುಲೋರ್ ಬೆಳೆದು ಮಾತೇ ಬೇಡದ ಹೆಂಗಸಾದಳು. ಅವಳ ಗಂಡ, ಮಕ್ಕಳು ಹಿಜ್ಕಿಯಾನ ಕುರ್ಚಿಯಲ್ಲೇ ಕೂತು ಕೂದಲು ಕತ್ತರಿಸಿಕೊಂಡರು. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡವನ ಹಾಗೆ ಅವನು ನಲವತ್ತೆಂಟು ವರ್ಷ ಕಳೆದ.

ಈಗ ಬುಲೋರ್ ವಿಧವೆ. ಯಹೂದಿಗಳ ದೇಶಕ್ಕೆ, ಹೈಫಾದಲ್ಲಿದ್ದ ಮಗಳ ಬಳಿಗೆ ಹೊರಟಿದ್ದಳು. ಮನೆ ಮಾರಾಟವಾಗಿತ್ತು. ಸೋಮವಾರ ಕಿಪ್ಪೂರ್, ಗುರುವಾರ ಅವಳ ಪ್ರಯಾಣ. ಅಷ್ಟರೊಳಗೆ ಹೇಳದಿದ್ದರೆ ಅವಳು ಆ ಸುಳ್ಳನ್ನು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾಳೆ ಎಂಬುದು ಹಿಜ್ಕಿಯಾನಿಗೆ ಗೊತ್ತಿತ್ತು. ಹಬ್ಬದ ಹಿಂದಿನ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ರೂಢಿ. ಅಂಗಡಿಗೆ ಬಂದವರೆಲ್ಲ ಗಡ್ಡ ನೇವರಿಸಿಕೊಳ್ಳುತ್ತ, "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳಪ್ಪ," ಎಂದು ಹೋದರು. ಅವನೂ ಎಲ್ಲರಿಗೂ ಹಾಗೇ ಅಂದ. ಬುಲೋರಳ ಓಣಿಯ ತಿರುವಿನವರೆಗೆ ಹೋಗಿ ವಾಪಸ್ ಬಂದ. ಹೇಡಿ ಎನ್ನಬೇಕು, ಬೇರೆ ಮಾತಿಲ್ಲ.

ಸೋಮವಾರ ಪ್ರಾರ್ಥನೆ ಮನೆಯಲ್ಲಿ ಹನ್ನೊಂದು ಗಂಡಸರು, ಪರದೆಯ ಆಚೆ ಬುಲೋರ್ ಸೇರಿ ನಾಲ್ವರು ಹೆಂಗಸರು. ಬೆಳಗಿನ ಪ್ರಾರ್ಥನೆ ಮುಗಿಯಿತು. ಅದಾದ ಮೇಲೆ ಸಂಜೆಯ ಪ್ರಾರ್ಥನೆಯವರೆಗೆ ಎಲ್ಲರೂ ಗೋಡೆಗೆ ಒರಗಿ ಕೂತು ಧರ್ಮದ ಪುಸ್ತಕ ಓದುವುದು. ಒಬ್ಬೊಬ್ಬರದು ಒಂದೊಂದು ವಾಕ್ಯ. ಓದಿದವನು ಅದರ ಅರ್ಥ ಹೇಳಿ, ತನಗೆ ತಿಳಿದ ಒಂದು ಉದಾಹರಣೆಯನ್ನೂ ಹೇಳಬೇಕು. ಸಾಮಾನ್ಯವಾಗಿ ಎಲ್ಲರ ಉದಾಹರಣೆಯಲ್ಲೂ ಪಾಪ ಮಾಡಿದವರು ಪಕ್ಕದ ಮನೆಯವರು.

ಹಿಜ್ಕಿಯಾ ರೊಟ್ಟಿಗೆಂದು ಎದ್ದ. ಓದು ನಡೆಸುವ ಮುದುಕ ಯಹಿಯೇಲ್ ಅವನ ತೋಳು ಹಿಡಿದ.

"ಕೂತ್ಕೊಳಪ್ಪ. ಇಬ್ರು ಆಗ್ಲೇ ಮಲಗಿಬಿಟ್ಟಿದ್ದಾರೆ. ನೀನೂ ಹೋದ್ರೆ ನಾನು ಯಾರಿಗೆ ಓದಿಸ್ಲಿ, ಕಂಬಗಳಿಗಾ?"

"ಹೋಗ್ಲಿ ಬಿಡಿ ಯಹಿಯೇಲಣ್ಣ," ಎಂದ ನೇರ್ಯಾ. "ಒಲೆ ಮೇಲೆ ಇಟ್ಟು ಬಂದಿದ್ದಾನೋ ಏನೋ."

ಹಿಜ್ಕಿಯಾ ಕೂತ. ಹದಿನೆಂಟು ಜನ ಇದ್ದ ಕಾಲದಲ್ಲಿ ಅವನ ಪಾಲಿಗೆ ಬರುತ್ತಿದ್ದುದು ಆ ದಿನ ಚಪ್ಪಲಿ ಹಾಕಬಾರದು ಎಂಬಂಥ ಸಾಧು ವಾಕ್ಯ. ಜನ ವಲಸೆ ಹೋದ ಹಾಗೆಲ್ಲ ಸರದಿ ಸರಿದಿತ್ತು. ಪಕ್ಕದಲ್ಲಿದ್ದ ನೇರ್ಯಾ ಓದಿದ: ದೇವರಿಗೆ ಮಾಡಿದ ತಪ್ಪನ್ನು ಈ ದಿನ ಅಳಿಸುತ್ತದೆ. ಪುಸ್ತಕ ಹಿಜ್ಕಿಯಾನ ಮಡಿಲಿಗೆ ಬಂತು. ಬೆರಳಿಟ್ಟ ಕಡೆ ಇದ್ದದ್ದು, ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು ಈ ದಿನ ಅಳಿಸುವುದಿಲ್ಲ, ಮೊದಲು ಅವನನ್ನೇ ಸಮಾಧಾನ ಮಾಡಬೇಕು ಎಂದು. ಓದಿದ.

ಯಹಿಯೇಲ್ ವರ್ಷವೂ ಹೇಳುವುದನ್ನು ಮತ್ತೆ ಹೇಳಿದ. "ಮೂರು ಸಲ ಕೇಳ್ಬೇಕು. ಮೂರನೇ ಸಲ ಮೂವರನ್ನ ಜೊತೆಗೆ ಕರ್ಕೊಂಡು ಹೋಗಿ ಕೇಳ್ಬೇಕು. ಆಗ್ಲೂ ಇಲ್ಲ ಅಂದ್ರೆ ಕೇಳಿದವನು ಬಿಡುಗಡೆ. ಪಾಪ ಕ್ಷಮಿಸದೇ ಇದ್ದವರ ತಲೆಗೆ. ಸತ್ತವರಾದ್ರೆ ಹತ್ತು ಜನರ ಜೊತೆ ಸಮಾಧಿ ಹತ್ರ ಹೋಗ್ಬೇಕು. ಹ್ಞಾ, ಉದಾಹರಣೆ ಹೇಳು ಹಿಜ್ಕಿಯಾ."

"ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ದಿದ್ರೆ?" ಎಂದ ಹಿಜ್ಕಿಯಾ.

"ಯಾರ ಸಮಾಧಿ?"

"ಮುಲ್ಲೊ ಓವಾದ್ಯಾ ಅವರದ್ದು." ಪರದೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. "ಅವರ ಹೆಸರು ಹೇಳಿದ್ದು ನಾನು. ಸ್ಕೂಲಲ್ಲಿ ರೊಟ್ಟಿ ಕೊಟ್ರು, ತಿನ್ನಲ್ಲ ಅಂದೆ, ಯಾರು ಹೇಳಿಕೊಟ್ರು ಅಂದ್ರು, ಹೇಳ್ಬಿಟ್ಟೆ. ಬುಲೋರ್ ಅಲ್ಲ. ಅವಳ ಹಾಡಿಂದ ಏನೂ ಆಗ್ಲಿಲ್ಲ. ನಾನು."

ಮಲಗಿದ್ದ ಇಬ್ಬರೂ ಎದ್ದು ಕೂತರು. ಪರದೆ ಸರಿಯಿತು. ಬುಲೋರ್ ಬಂದು ನಿಂತಳು, ಗಂಡಸರ ಕಡೆ ಬರಬಾರದೆಂಬ ನಿಯಮವನ್ನು ಆ ಕ್ಷಣ ಯಾರೂ ನೆನಪಿಸಲಿಲ್ಲ.

"ಕ್ಷಮಿಸು ತಂಗಿ," ಎಂದ ಹಿಜ್ಕಿಯಾ.

"ಯಾವುದನ್ನ ಅಣ್ಣ?" ಅವಳ ದನಿ ಏರಲಿಲ್ಲ. "ಒಂಬತ್ತು ವರ್ಷದ ಹುಡುಗ ಹೇಳಿದ್ದನ್ನಾ? ಅದನ್ನ ನಮ್ಮಪ್ಪಾನೇ ಆವತ್ತೇ ಕ್ಷಮಿಸಿರ್ತಾರೆ. ಮಕ್ಳು ಅಂದ್ರೆ ಪ್ರಾಣ ಅವರಿಗೆ." ಅವಳು ಉಸಿರು ತೆಗೆದುಕೊಂಡಳು. "ಮಿಕ್ಕಿದ್ದು? ನಮ್ಮಮ್ಮ ಸಾಯೋವಾಗ ನನ್ನ ಕೈ ಹಿಡೀಲಿಲ್ಲ. ಗೊತ್ತಾ ನಿಂಗೆ? ಆ ವಾರ ನೀನು ನನ್ನ ಗಂಡನಿಗೆ ಶೇವ್ ಮಾಡಿದ್ದೆ. ಒಂದು ಮಾತು ಹೇಳೋಕೆ ಎಷ್ಟು ಹೊತ್ತು ಬೇಕಿತ್ತಣ್ಣ? ನಂಗೀಗ ಐವತ್ತೈದು. ಈ ವಯಸ್ಸಲ್ಲಿ ತಂದು ಕೊಡ್ತಿದ್ದೀಯ. ಏನು ಮಾಡ್ಲಿ ಇದನ್ನ ಇಟ್ಕೊಂಡು?"

"ಬುಲೋರಮ್ಮ, ಇವತ್ತು ಕಿಪ್ಪೂರು," ಎಂದ ಯಹಿಯೇಲ್ ಮೆಲ್ಲಗೆ.

"ಗೊತ್ತಿದೆ. ಆಗಲ್ಲ." ಅವಳು ಪರದೆಯ ಆಚೆ ಹೋದಳು.

ಹಿಜ್ಕಿಯಾ ಆ ದಿನ ರೊಟ್ಟಿಗೆ ಹೋಗಲಿಲ್ಲ. ಸಂಜೆ ಉಪವಾಸ ಮುಗಿಯಿತೆಂದು ಕೊಂಬು ಊದಿದ ಮೇಲೆ ಎಲ್ಲರೂ ಚಹಾ ಕುಡಿದರು. ಯಾರೂ ಅವನ ಪಕ್ಕ ಕೂರಲಿಲ್ಲ.

ಮಂಗಳವಾರ ಅವನು ಅವಳ ಮನೆಗೆ ಹೋದ. ಕೋಣೆಗಳು ಬರಿದಾಗಿದ್ದವು. ಅವಳು ತಾಮ್ರದ ಪಾತ್ರೆಗಳನ್ನು ಚಿಂದಿಯಲ್ಲಿ ಸುತ್ತುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಎರಡನೆಯ ಸಲ ಕೇಳಿದ. ಅವಳು ತಲೆಯೆತ್ತದೆ, "ಬಾಯಲ್ಲಿ ಅಂದ್ಬಿಡಬಹುದು ಅಣ್ಣ. ಸುಳ್ಳಾಗತ್ತೆ," ಎಂದಳು. ಅವನು ಇನ್ನೂ ನಿಂತೇ ಇದ್ದುದನ್ನು ನೋಡಿ, "ಗುರುವಾರ ಎಂಟು ಗಂಟೆಗೆ ಕಾರು. ಮೂವರನ್ನ ಕರ್ಕೊಂಡು ಬಾ. ನಿನ್ನ ಲೆಕ್ಕ ಮುಗಿಸ್ಕೊ," ಎಂದಳು.

ಗುರುವಾರ ಅವನು ಯಹಿಯೇಲನನ್ನೂ, ನೇರ್ಯಾನನ್ನೂ, ನೇರ್ಯಾನ ಭಾವನನ್ನೂ ಕರೆದುಕೊಂಡು ಹೋದ. ತಾಷ್ಕೆಂಟಿಗೆ ಹೋಗುವ ಕಾರು ಬಾಗಿಲಲ್ಲಿ ನಿಂತಿತ್ತು. ಬುಲೋರ್ ಕಪ್ಪು ಕೋಟು ತೊಟ್ಟು, ಕೈಯಲ್ಲಿ ಒಂದು ಇಡೀ ರೊಟ್ಟಿ ಹಿಡಿದಿದ್ದಳು. ದೂರ ಹೊರಟವರು ರೊಟ್ಟಿಯ ಒಂದು ಅಂಚು ಕಚ್ಚಿ, ಮಿಕ್ಕದ್ದನ್ನು ಮನೆಯ ಗೋಡೆಗೆ ತೂಗುಹಾಕಿ ಹೋಗುವುದು ನಮ್ಮ ಊರಿನ ಪದ್ಧತಿ. ಮರಳಿ ಬಂದು ಉಳಿದದ್ದನ್ನು ತಿನ್ನಬೇಕು. ಅವಳ ಗೋಡೆ ಈಗ ಬೇರೆಯವರದ್ದಾಗಿತ್ತು.

ಹಿಜ್ಕಿಯಾನನ್ನು ಕಂಡು ಅವಳ ದವಡೆ ಬಿಗಿಯಿತು. ಅವಳು ಏನು ಹೇಳುತ್ತಾಳೆಂದು ಅವನಿಗೆ ಆಗಲೇ ತಿಳಿಯಿತು. ಕೇಳಿದರೆ ಇಲ್ಲ ಎನ್ನುತ್ತಾಳೆ. ಇಲ್ಲ ಎಂದರೆ ಅವನು ಬಿಡುಗಡೆ, ಪಾಪ ಅವಳ ತಲೆಗೆ. ನಲವತ್ತೆಂಟು ವರ್ಷ ಅವನ ಹೊರೆ ಹೊತ್ತಿದ್ದ ಅದೇ ತಲೆಗೆ.

"ಕೇಳೋ ಮಾರಾಯ," ನೇರ್ಯಾ ಬೆನ್ನಿಗೆ ತಿವಿದ. "ಡ್ರೈವರ್ ಹಾರ್ನ್ ಹೊಡೀತಿದ್ದಾನೆ."

"ಇಲ್ಲ," ಎಂದ ಹಿಜ್ಕಿಯಾ. "ಕೇಳಲ್ಲ."

"ಅಯ್ಯೋ, ನಮ್ಮನ್ನ ಯಾಕೋ ಎಬ್ಬಿಸ್ಕೊಂಡು ಬಂದೆ ಮತ್ತೆ?"

"ಹೆಣ್ಮಗಳು ಒಬ್ಬಳೇ ಹೋಗ್ತಿದ್ದಾಳೆ. ಕಳಿಸ್ಕೊಡೋಕೆ ನಾಲ್ಕು ಜನ ಬೇಡ್ವಾ?" ಅವಳ ಕಡೆ ತಿರುಗಿದ. "ಹುಷಾರಾಗಿ ಹೋಗಿ ಬಾ ತಂಗಿ. ಇದು ನನ್ನ ಹತ್ರಾನೇ ಇರ್ಲಿ."

ಮೂರನೆಯ ಸಲಕ್ಕೆ ಬುಲೋರ್ ಕಾಯುತ್ತಿದ್ದಳು, ಅದು ಬರಲಿಲ್ಲ. ಆಮೇಲೆ ರೊಟ್ಟಿಯನ್ನು ಬಾಯಿಗೆತ್ತಿ ಒಂದು ಅಂಚು ಕಚ್ಚಿದಳು. ಅಗಿಯುತ್ತಲೇ ತನ್ನ ಮನೆಯ ಬಾಗಿಲನ್ನೊಮ್ಮೆ ನೋಡಿದಳು, ರೊಟ್ಟಿಯನ್ನೊಮ್ಮೆ ನೋಡಿದಳು. ಮಿಕ್ಕದ್ದನ್ನು ಹಿಜ್ಕಿಯಾನ ಮುಂದೆ ಚಾಚಿದಳು. ಕ್ಷಮಿಸಿದೆ ಎನ್ನಲಿಲ್ಲ. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ. ಕಾರು ಹೊರಟಿತು.

ಮುಂದಿನ ಕಿಪ್ಪೂರಿಗೆ ಒಂಬತ್ತೇ ಜನ ಸೇರಿದರು. ಹತ್ತು ಆಗಲಿಲ್ಲ, ಪ್ರಾರ್ಥನೆ ಅರ್ಧಂಬರ್ಧವಾಯಿತು. ಹಿಜ್ಕಿಯಾ ಇಡೀ ದಿನ ಉಪವಾಸ ಕೂತ. ಉಪ್ಪಿನ ವಿಚಾರ ನೇರ್ಯಾ ಎತ್ತಲಿಲ್ಲ.

ಬುಲೋರ್ ಮರಳಿ ಬರಲಿಲ್ಲ. ಹೈಫಾದಲ್ಲೇ ತೀರಿಕೊಂಡಳು ಎಂದು ನಾಲ್ಕನೆಯ ವರ್ಷ ಫೋನ್ ಬಂತು. ರೊಟ್ಟಿ ಈಗಲೂ ಕ್ಷೌರದಂಗಡಿಯ ಕನ್ನಡಿಯ ಪಕ್ಕದ ಮೊಳೆಯಲ್ಲಿದೆ, ಕಲ್ಲಿನಷ್ಟು ಗಟ್ಟಿಯಾಗಿದೆ. ಕುರ್ಚಿಯಲ್ಲಿ ಕೂತವರಿಗೆ ಅದರ ಅಂಚಿನಲ್ಲಿ ಅವಳ ಹಲ್ಲಿನ ಗುರುತು ಕಾಣುತ್ತದೆ.