ಬಸ್ಸಿನಲ್ಲಿ ಕಲಿಸಿದ ನೆನಪು

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ನಾನು ಮಗಳಿಗೆ ಪಾಠ ಹೇಳಿಕೊಡುತ್ತಿದ್ದೆ. ಮಗ್ಗಿ, ಪದ್ಯ ಯಾವುದೂ ಅಲ್ಲ. ಬಳೆಚೂರು ಎಲ್ಲಿ ಬಚ್ಚಿಡುತ್ತಿದ್ದೆ? ಗೋಡೆಯ ಗೂಡಿನಲ್ಲಿ. ಯಾವ ಬಣ್ಣದ ನೂಲು ನಿನಗೆ ಸೇರುತ್ತಿತ್ತು? ದಾಳಿಂಬೆ ಬಣ್ಣದ್ದು. ಅವಳು ಕಿಟಕಿಯಾಚೆ ನೋಡುತ್ತಲೇ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಇವೆಲ್ಲ ಅವಳ ಹಿಂದಿನ ಜನ್ಮದ ನೆನಪು ಎಂದು ನಂಬಿದ ಹೆಂಗಸೊಬ್ಬಳು ಗಜೇಂದ್ರಗಡದಲ್ಲಿ ನಮ್ಮ ದಾರಿ ಕಾಯುತ್ತಿದ್ದಳು.

ಮೊದಮೊದಲು ಇದರಲ್ಲಿ ನನ್ನ ಕೈವಾಡ ಏನೂ ಇರಲಿಲ್ಲ. ಮೂರು ವರ್ಷದವಳಿದ್ದಾಗ ಮಗಳು ಉಣ್ಣುತ್ತ ಉಣ್ಣುತ್ತ, “ನನ್ನ ಇನ್ನೊಬ್ಬ ಅವ್ವ ಕುಣ್ಯಾಗ ಕುಂತು ಟಕಟಕ ಮಾಡ್ತಾಳ” ಎಂದಳು. ಹಿಂದಿನದನ್ನು ನೆನೆಯುವ ಕೂಸು ಬಹಳ ದಿನ ಬಾಳುವುದಿಲ್ಲ ಎಂದು ಅತ್ತೆ ಅವತ್ತೇ ದೃಷ್ಟಿ ತೆಗೆದರು. ನಾವು ರೋಣ ತಾಲೂಕಿನ ಬೆಳವಣಕಿಯ ಹೊಲಮನೆಯವರು, ನೇಕಾರಿಕೆ ಕಂಡವರಲ್ಲ. ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಇರಬೇಕು ಎಂದು ಹೊಳೆದದ್ದು ನನ್ನ ಗಂಡನಿಗೆ. ಗಜೇಂದ್ರಗಡದಲ್ಲಿ ವಿಚಾರಿಸಿದಾಗ, ಸೀರೆ ನೇಯುವವಳೊಬ್ಬಳ ಐದು ವರ್ಷದ ಮಗಳು, ನನ್ನವಳು ಹುಟ್ಟುವ ಮೊದಲೇ, ಜ್ವರ ಬಂದು ತೀರಿಕೊಂಡಿದ್ದಳೆಂದು ತಿಳಿಯಿತು. ಮಗುವನ್ನು ಎತ್ತಿಕೊಂಡು ಓಡಿದೆವು. ಮಗಳ ಮಾತಿಗೂ ಅಲ್ಲಿ ಕಂಡದ್ದಕ್ಕೂ ಹೊಂದಿದ್ದು ಸ್ವಲ್ಪ, ಹೊಂದದ್ದನ್ನು ಹೊಂದಿಸಿಕೊಂಡವರು ನಾವೇ.

ಸುದ್ದಿ ಹರಡಿ, ಇಂಥ ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಮನೆಗೆ ಬಂದರು. ಎರಡೂ ಮನೆಯವರು ಆಗಲೇ ಭೇಟಿಯಾಗಿದ್ದೇವೆ ಎಂದು ಕೇಳಿದ್ದೇ ಅವರ ಮುಖ ಸಪ್ಪಗಾಯಿತು. ಕೂಸು ತಾನಾಗಿ ಹೇಳಿದ್ದು ಯಾವುದು, ನಾವು ಅದರೆದುರು ಆಡಿದ್ದು ಯಾವುದು ಎಂದು ಇನ್ನು ಬೇರ್ಪಡಿಸುವುದು ಕಷ್ಟ ಎಂದರು. ಪುನರ್ಜನ್ಮ ಹೌದೋ ಅಲ್ಲವೋ ತಾವು ಹೇಳಲಾರರಂತೆ. ಆದರೆ ಇಂಥ ಮಕ್ಕಳು ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿಗೆ ಎಲ್ಲ ಮರೆಯುತ್ತಾರೆ, ಮರೆತರೆ ಮರೆಯಲಿ, ಕೆದಕಬೇಡಿ ಎಂದು ನನಗೆ ಬಿಡಿಸಿ ಹೇಳಿ ಹೋದರು.

ಹಾಗೇ ಆಯಿತು. ಶಾಲೆಗೆ ಸೇರಿದ ಮೇಲೆ ಮಗಳು ಆ ಅವ್ವನ ಸುದ್ದಿಯನ್ನೇ ಎತ್ತಲಿಲ್ಲ. ನಾನೂ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಜೇಂದ್ರಗಡಕ್ಕೆ ಹೋದಾಗಲೆಲ್ಲ ನಮ್ಮ ಸಪ್ಪಳ ಕೇಳಿದ ಕೂಡಲೇ ಆಕೆ ಮಗ್ಗ ಬಿಟ್ಟು ಎದ್ದು ಬರುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿತ್ತು. ಮಗಳು ಮರೆತಿದ್ದಾಳೆ ಎಂದು ಯಾವ ಬಾಯಿಂದ ಹೇಳಲಿ? ಅಲ್ಲಿ ಆಕೆಯೇ ಆಡಿದ ಮಾತುಗಳನ್ನು ಹೆಕ್ಕಿಟ್ಟುಕೊಂಡು ಮುಂದಿನ ಸಲ ಬಸ್ಸಿನಲ್ಲಿ ಮಗಳ ಬಾಯಿಗೆ ತುರುಕಿದೆ. ಕರುಣೆ ಎಂದುಕೊಂಡೆ. ಜಂಬವೂ ಇತ್ತು. ಸತ್ತ ಮಗಳನ್ನು ತಾಯಿಗೆ ತೋರಿಸಿ ಬರುವ ಪುಣ್ಯವಂತೆ ಎಂದು ಆ ಓಣಿಯ ಹೆಂಗಸರು ಚಾಪೆ ಹಾಸಿ ಚಹಾ ಕೊಡುತ್ತಿದ್ದರು, ನಾನು ಕುಡಿದು ಬರುತ್ತಿದ್ದೆ.

ಈ ವರ್ಷ ಮೇಡಂ ಮತ್ತೆ ಬರುತ್ತೇನೆಂದು ಫೋನ್ ಮಾಡಿದರು. ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಪಕ್ಕಕ್ಕೆ ಬಂದು ಕೇಳಿದಳು: “ಯವ್ವಾ, ಮೇಡಮ್ಮಾರಿಗೆ ಖರೇ ಹೇಳ್ಲೋ, ಗಜೇಂದ್ರಗಡದಾಗ ಹೇಳೂದು ಹೇಳ್ಲೋ?”

ಎಂಟು ವರ್ಷದ ಹುಡುಗಿಗೆ ನಾನು ಕಲಿಸಿದ್ದು ಇದು. ಖರೇ ಹೇಳು ಎಂದೆ. ತನಗೇನೂ ನೆನಪಿಲ್ಲ ಎಂದು ಅವಳು ಮೇಡಂಗೆ ಹೇಳಿದಳು. ಆ ಅವ್ವನಿಗೆ ಮಾತ್ರ ತಿಳಿಸಬೇಡಿ ಎಂದು ಅವರ ಕೈ ಹಿಡಿದು ಕೇಳಿಕೊಂಡಳು. ಮೇಡಂ ನನ್ನತ್ತ ಒಮ್ಮೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆ.

ಗಜೇಂದ್ರಗಡದಾಕೆಗೆ ನಿಜ ಹೇಳಿಯೇಬಿಡಬೇಕು ಎಂದು ಮುಂದಿನ ವಾರ ಹೊರಟೆ. ಆ ದಿನ ಬಸ್ಸಿನಲ್ಲಿ ನಾನು ಪಾಠ ಎತ್ತಲಿಲ್ಲ, ಮಗಳೇ ತುಟಿ ಅಲ್ಲಾಡಿಸುತ್ತ ಒಪ್ಪಿಸಿಕೊಳ್ಳುತ್ತಿದ್ದಳು. ಆದರೂ ಆ ಮನೆಯ ಹೊಸ್ತಿಲು ದಾಟಿದ್ದೇ, ಚಹಾ ಕುಡಿದ ಮೇಲೆ ಹೇಳೋಣ ಎಂದು ಮುಂದೂಡಿದೆ. ಆಕೆ ಮಗಳನ್ನು ಮಗ್ಗದ ಕುಣಿಯ ಅಂಚಿಗೆ ಕೂರಿಸಿಕೊಂಡು ನೇಯುತ್ತಲೇ, ಇದುವರೆಗೆ ಕೇಳದೇ ಇದ್ದುದನ್ನು ಕೇಳಿದಳು. “ಕಡೀಕ ನಾ ನಿನಗ ಏನ್ ಉಣ್ಣಿಸಿದ್ದೆವ್ವಾ?”

ಮಗಳು ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ಆಮೇಲೆ ತನಗೆ ಬಲು ಇಷ್ಟವಾದದ್ದನ್ನೇ ಹೇಳಿದಳು: “ಹೋಳಿಗಿ.”

ನೂಲು ಹೊತ್ತು ಅತ್ತಿತ್ತ ಓಡುತ್ತಿದ್ದ ಲಾಳಿ ಆಕೆಯ ಕೈಯಲ್ಲಿ ನಿಂತಿತು. “ಹೌದವ್ವಾ, ಹೋಳಿಗೀನ” ಎಂದು ಮಗಳ ತಲೆ ಸವರಿದಳು.

ಚಹಾ ಕುಡಿದು ಮಗಳು ಅಂಗಳಕ್ಕೆ ಓಡಿದ ಮೇಲೆ ಆಕೆ ನನ್ನ ಹತ್ತಿರ ಕುಳಿತಳು. “ನನ್ನ ಮಗಳಿಗೆ ಕಡೀಕ ಗಂಜೀನೂ ಇಳೀಲಿಲ್ಲ, ತಂಗಿ. ಈ ಕೂಸಿಗೆ ಇನ್ನ ಏನೂ ಕಲಿಸಬ್ಯಾಡ. ಸುಮ್ನ ಕರಕೊಂಡು ಬಾ.”

ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಯಾವಾಗಿನಿಂದ ಆಕೆಗೆ ಗೊತ್ತಿತ್ತು ಎಂದು ಕೇಳುವ ಧೈರ್ಯವಾಗಲಿಲ್ಲ. ಎಷ್ಟು ಸಲ ಹೀಗೇ ಹೌದು ಹೌದು ಎಂದು ನಮ್ಮ ಮರ್ಯಾದೆ ಕಾಯ್ದಿದ್ದಳೋ. ಹುಂ ಎಂದು ಗೋಣು ಹಾಕಿ ಎದ್ದೆ.

ಬಸ್ಸು ರೋಣದ ದಾರಿ ಹಿಡಿದಾಗ ಮಗಳು ಕೇಳಿದಳು. “ಹೋಳಿಗಿ ಸರಿ ಇತ್ತೇನಬೇ?”

“ತಪ್ಪಿತ್ತವ್ವಾ” ಎಂದೆ. “ಆದ್ರೂ ಬಾ ಅಂದಾಳ.”